ಬಾಗಿಲಿಗೆ ಹಚ್ಚಿದ ಅಗಸಿ ಎಣ್ಣಿ



ಕಲ್ಲೋಳಿಯಲ್ಲಿ ನಮ್ಮ ಹಳೇ ಮನೆಯ ತಲಬಾಗಿಲು ಸಾಗವಾನಿಯದು. ನಾನು ಸಣ್ಣವನಿದ್ದಾಗ ಎರಡು-ಮೂರು ವರ್ಷಕ್ಕೊಮ್ಮೆ, ದೀಪಾವಳಿ ಹತ್ತಿರ ಬಂತೆಂದರೆ, ಬಡಿಗ್ಯಾರ ಮುತ್ಯಾ ಒಂದು ಹಿತ್ತಾಳೆ ತಂಬಿಗೆಯಲ್ಲಿ ಅಗಸಿ ಎಣ್ಣಿ ಹಿಡಿದುಕೊಂಡು ಬರುತ್ತಿದ್ದ. ಹಳೇ ಧೋತರದ ತುಂಡನ್ನು ಅದರಲ್ಲಿ ಅದ್ದಿ, ಕಟ್ಟಿಗೆಯ ಗೆರೆ ಹಿಡಿದು ಮೇಲಿಂದ ಕೆಳಗೆ ತಿಕ್ಕುತ್ತಿದ್ದ. ಅಂದು ಬಾಗಿಲು ಮುಟ್ಟಿದರೆ ಕೈಯೆಲ್ಲ ಜಿಡ್ಡು. ಮರುದಿನ ಅಂಟಂಟು. ನಾಲ್ಕೈದು ದಿನ ಕಳೆದ ಮೇಲೆ ಜಿಡ್ಡೂ ಇಲ್ಲ, ಅಂಟೂ ಇಲ್ಲ. ಉಗುರಿನಿಂದ ಕೆರೆದರೂ ಏಳದ ತೆಳ್ಳನೆಯ ಪದರು.

"ಎಣ್ಣಿ ಎಲ್ಲಿ ಹೋತು, ಮುತ್ಯಾ?" ಎಂದು ಕೇಳಿದೆ.

"ಎಲ್ಲಿ ಹೋಗತೈತಿ? ಗಾಳಿ ಕುಡದು ಗಟ್ಟಿ ಆತು" ಎಂದ.

ರಸಾಯನಶಾಸ್ತ್ರ ಓದಿ, ಅದನ್ನೇ ಮೂವತ್ತು ವರ್ಷ ಹೈಸ್ಕೂಲಿನ ಮಕ್ಕಳಿಗೆ ಕಲಿಸಿ ನಿವೃತ್ತನಾದವನು ನಾನು. ಮುತ್ಯಾನ ಆ ಮಾತಿಗೆ ತಿದ್ದುಪಡಿ ಏನೂ ಸಿಕ್ಕಿಲ್ಲ. ನೀರು ಆರುವುದು ಬೇರೆ, ಅಗಸಿ ಎಣ್ಣೆ ಆರುವುದು ಬೇರೆ. ನೀರು ಆವಿಯಾಗಿ ಹೊರಟುಹೋಗುತ್ತದೆ. ಎಣ್ಣೆ ಎಲ್ಲಿಗೂ ಹೋಗುವುದಿಲ್ಲ; ಗಾಳಿಯೊಳಗಿನ ಆಮ್ಲಜನಕ ಅದರಲ್ಲಿ ಸೇರಿ, ಬಿಡಿಬಿಡಿಯಾಗಿದ್ದ ಅಣುಗಳನ್ನು ಒಂದಕ್ಕೊಂದು ಹೆಣೆದುಬಿಡುತ್ತದೆ. ಗಟ್ಟಿಯಾದ ಮೇಲೆ ತೂಗಿ ನೋಡಿದರೆ ತೂಕ ಹೆಚ್ಚೇ ಬರುತ್ತದೆ. ಮುತ್ಯಾನದು ಇನ್ನೊಂದು ರೂಢಿ ಇತ್ತು. ಕೆಲಸ ಮುಗಿದ ಮೇಲೆ ಎಣ್ಣೆ ಅರಿವೆಯನ್ನು ಮುದ್ದೆ ಮಾಡಿ ಮೂಲೆಗೆ ಒಗೆಯುತ್ತಿರಲಿಲ್ಲ. ನೀರಲ್ಲಿ ನೆನೆಸಿ, ಬೇಲಿಯ ಮೇಲೆ ಹರವಿ ಹೋಗುತ್ತಿದ್ದ. ಮುದ್ದೆ ಮಾಡಿಟ್ಟರೆ ಒಳಗೊಳಗೇ ಕಾವು ಕೂಡಿ, ಯಾರೂ ಕಡ್ಡಿ ಗೀರದೆ ಹೊತ್ತಿಕೊಳ್ಳಬಹುದು. ಇದು ಕಟ್ಟುಕಥೆಯಲ್ಲ, ಅಗಸಿ ಎಣ್ಣೆಯ ಚಿಂದಿಯಿಂದ ಕಾರ್ಖಾನೆಗಳು ಸುಟ್ಟ ಉದಾಹರಣೆಗಳಿವೆ. ಆಮ್ಲಜನಕ ನಿಧಾನ ಸೇರಿದರೆ ಬಾಗಿಲಿಗೆ ಹೊಳಪು, ಬೇಗ ಸೇರಿದರೆ ಬೆಂಕಿ.

ಬಾಗಿಲಿನ ಮೇಲೆ ನಡೆದ ಇದೇ ಕೆಲಸ ನಮ್ಮ ನಿಮ್ಮ ಮೈಯೊಳಗೂ ನಡೆಯುತ್ತದೆ. ನಮ್ಮ ಒಂದೊಂದು ಜೀವಕೋಶಕ್ಕೂ ಒಂದು ಪೊರೆ ಇದೆ. ಆ ಪೊರೆ ಕೊಬ್ಬಿನದು. ಅದರಲ್ಲಿ ದೊಡ್ಡ ಪಾಲು ಅಗಸಿ, ಕುಸುಬಿ, ಗುರೆಳ್ಳಿನ ಎಣ್ಣೆಯಲ್ಲಿರುವ ಜಾತಿಯ, ಆಮ್ಲಜನಕ ಸುಲಭವಾಗಿ ಕಚ್ಚುವ ಕೊಬ್ಬು. ಮೆತ್ತಗೆ, ಬಳುಕುತ್ತ ಇರಬೇಕಾದ ಪೊರೆಗೆ ಆಮ್ಲಜನಕ ಕಚ್ಚಿದರೆ ಅದೂ ಬಿರುಸಾಗುತ್ತದೆ, ಸೋರುತ್ತದೆ. ಹೀಗೆ ಕಚ್ಚುವ ಕೆಲಸ ಮೈಯ ಕಾವಲನ್ನು ಮೀರಿ ನಡೆದಾಗ ಅದಕ್ಕೆ ಉತ್ಕರ್ಷಣ ಒತ್ತಡ ಎನ್ನುತ್ತಾರೆ. ಜರ್ಮನಿಯ ಹೆಲ್ಮುಟ್ ಸೀಸ್ ಎಂಬ ವಿಜ್ಞಾನಿ 1985ರಲ್ಲಿ ಈ ಹೆಸರಿಗೆ ಒಂದು ಖಚಿತವಾದ ಅರ್ಥ ಕೊಟ್ಟರು. ಹೆಸರು ಹೊಸದು, ಕಾಟ ಹಳೆಯದು.

ಸುಮ್ಮನೆ ಕೂತ ಒಬ್ಬ ಮನುಷ್ಯನಿಗೆ ನಿಮಿಷಕ್ಕೆ ಸುಮಾರು 250 ಮಿಲಿಲೀಟರ್ ಆಮ್ಲಜನಕ ಬೇಕು. ದಿನದ ಲೆಕ್ಕ ಹಾಕಿದರೆ 360 ಲೀಟರ್. ಇದರಲ್ಲಿ ಬಹುಪಾಲು ಹೋಗುವುದು ಜೀವಕೋಶದೊಳಗಿನ ಮೈಟೊಕಾಂಡ್ರಿಯ ಎಂಬ ಸಣ್ಣ ಒಲೆಗಳಿಗೆ. ತಿಂದ ರೊಟ್ಟಿಯಿಂದ ಬಿಡಿಸಿಕೊಂಡ ಎಲೆಕ್ಟ್ರಾನುಗಳು ಅಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಕಡೆಗೆ ಆಮ್ಲಜನಕವನ್ನು ಸೇರಿ ನೀರಾಗುತ್ತವೆ. ಇಳಿಯುವಾಗ ಬಿಟ್ಟುಕೊಟ್ಟ ಶಕ್ತಿಯಿಂದಲೇ ನಾವು ಬದುಕಿರುವುದು.

ಈ ಹರಿವಿನಲ್ಲಿ ಆಗುವ ಸೋರಿಕೆಯನ್ನು ಘಟಪ್ರಭಾ ಎಡದಂಡೆ ಕಾಲುವೆಯ ಮಂದಿಗೆ ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಧೂಪದಾಳದಲ್ಲಿ ಬಿಟ್ಟ ನೀರೆಲ್ಲ ಹೊಲಕ್ಕೆ ಬಂತೇ? ದಾರಿಯಲ್ಲಿ ಒಂದಿಷ್ಟು ಸೋರಿತು, ಒಂದಿಷ್ಟು ಬೇಕಿಲ್ಲದ ಕಡೆ ನಿಂತು ಜವುಳಾಯಿತು. ಎಲೆಕ್ಟ್ರಾನುಗಳದೂ ಅದೇ ಕಥೆ. ಕೊನೆಯ ಮೆಟ್ಟಿಲು ಮುಟ್ಟುವ ಮೊದಲೇ ಕೆಲವು ಸೋರುತ್ತವೆ. ಸೋರಿದ್ದನ್ನು ಹತ್ತಿರದ ಆಮ್ಲಜನಕ ಹಿಡಿದುಕೊಂಡು ಸೂಪರಾಕ್ಸೈಡ್ ಆಗುತ್ತದೆ. ಜೋಡಿಯಿಲ್ಲದ ಒಂಟಿ ಎಲೆಕ್ಟ್ರಾನ್ ಹೊತ್ತು ತಿರುಗುವ ಇಂಥ ಅಣುವಿಗೇ ಫ್ರೀ ರ‍್ಯಾಡಿಕಲ್ ಎನ್ನುವುದು. ಸೂಪರಾಕ್ಸೈಡಿನಿಂದ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಅಲ್ಲಿಯವರೆಗೂ ದೊಡ್ಡ ಭಯವಿಲ್ಲ. ಆದರೆ ಅದರ ಪಕ್ಕದಲ್ಲಿ ಕಟ್ಟುಬಿಚ್ಚಿದ ಕಬ್ಬಿಣದ ಒಂದು ಅಯಾನು ಸಿಕ್ಕಿತೋ, ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟಿತು. 1894ರಲ್ಲಿ ಫೆಂಟನ್ ಎಂಬ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಗಾಜಿನ ನಳಿಕೆಯಲ್ಲಿ ಕಂಡ ಕ್ರಿಯೆ ಇದು. ಹೈಡ್ರಾಕ್ಸಿಲ್ ಮಹಾಶಯ ಯಾರನ್ನೂ ಆರಿಸುವುದಿಲ್ಲ. ಹುಟ್ಟಿದಲ್ಲೇ ಎದುರಿಗೆ ಸಿಕ್ಕದ್ದನ್ನು ಕಚ್ಚುತ್ತದೆ. ಎದುರಿಗೆ ಡಿಎನ್‌ಎ ಇದ್ದರೆ ಡಿಎನ್‌ಎ, ಪ್ರೋಟೀನ್ ಇದ್ದರೆ ಪ್ರೋಟೀನ್.

ಪೊರೆಯ ಕೊಬ್ಬನ್ನು ಕಚ್ಚಿದಾಗ ಆಗುವುದು ಎಲ್ಲಕ್ಕಿಂತ ಕೆಟ್ಟದ್ದು. ಒಂದು ಕೊಬ್ಬಿನ ಅಣು ತನ್ನದೊಂದು ಹೈಡ್ರೋಜನ್ ಕಳೆದುಕೊಂಡು ತಾನೇ ರ‍್ಯಾಡಿಕಲ್ ಆಗುತ್ತದೆ. ಕಳೆದದ್ದನ್ನು ತುಂಬಿಕೊಳ್ಳಲು ಪಕ್ಕದ್ದರಿಂದ ಕಿತ್ತುಕೊಳ್ಳುತ್ತದೆ. ಪಕ್ಕದ್ದು ಅದರ ಪಕ್ಕದ್ದರಿಂದ. ಕಬ್ಬು ಕಡಿದ ಹೊಲದಲ್ಲಿ ರವದಿಗೆ ಒಂದು ಕಿಡಿ ಬಿದ್ದರೆ ಏನಾಗುತ್ತದೆಂದು ನೀವು ನೋಡಿದ್ದೀರಿ. ಕಿಡಿ ಹಾಕಿದವನು ಬದುವಿನ ಮೇಲೆ ನಿಂತಿರುತ್ತಾನೆ, ಬೆಂಕಿ ತನ್ನಷ್ಟಕ್ಕೆ ತಾನು ನಡೆಯುತ್ತದೆ.

ಹೀಗಿದ್ದ ಮೇಲೆ ನಾವು ಎಪ್ಪತ್ತು-ಎಂಬತ್ತು ವರ್ಷ ಹೇಗೆ ಬದುಕುತ್ತೇವೆ? ಬಾಗಿಲಿನ ಎಣ್ಣೆ ಐದು ದಿನಕ್ಕೆ ಗಟ್ಟಿಯಾದರೆ ನಮ್ಮ ಪೊರೆ ಯಾಕೆ ಆಗುವುದಿಲ್ಲ? ಕಾವಲಿದೆ, ಅದಕ್ಕೆ.

ಕಾವಲಿನ ಸಾಲಿನಲ್ಲಿ ಮೊದಲು ನಿಲ್ಲುವವನು ಪತ್ತೆಯಾದದ್ದು 1969ರಲ್ಲಿ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಮೆಕಾರ್ಡ್ ಮತ್ತು ಫ್ರಿಡೊವಿಚ್ ಎಂಬಿಬ್ಬರು, ಸೂಪರಾಕ್ಸೈಡನ್ನು ಹುಟ್ಟಿದ ಹೊತ್ತಿಗೇ ಹಿಡಿದು ಹಾಕುವ ಒಂದು ಕಿಣ್ವವನ್ನು ರಕ್ತಕಣದಲ್ಲಿ ಕಂಡರು. ಎರಡನೆಯದು ಕೆಟಲೇಸ್. ಅದನ್ನು ನೀವು ಕಣ್ಣಾರೆ ಕಂಡಿದ್ದೀರಿ, ಹೆಸರು ಕೇಳಿರಲಿಕ್ಕಿಲ್ಲ. ಕುರ್ಚಿಗಿ ತಾಗಿ ಕಾಲು ಕೊಯ್ದುಕೊಂಡಾಗ ಕಂಪೌಂಡರ್ ಗಾಯದ ಮೇಲೆ ನೀರಿನಂಥ ಒಂದು ಔಷಧ ಸುರಿಯುತ್ತಿದ್ದರಲ್ಲ, ಬುಸುಬುಸು ನೊರೆ ಏಳುತ್ತಿತ್ತಲ್ಲ? ಔಷಧ ಹೈಡ್ರೋಜನ್ ಪೆರಾಕ್ಸೈಡ್. ನೊರೆ ಎಬ್ಬಿಸಿದ್ದು ನಿಮ್ಮದೇ ರಕ್ತದ ಕೆಟಲೇಸ್. ಪೆರಾಕ್ಸೈಡನ್ನು ಒಡೆದು ನೀರು ಮತ್ತು ಆಮ್ಲಜನಕ ಮಾಡಿ ಚೆಲ್ಲುವುದೇ ಅದರ ಕಸುಬು. ಒಂದೊಂದು ಅಣು ಸೆಕೆಂಡಿಗೆ ಲಕ್ಷಗಟ್ಟಲೆ ಒಡೆಯುತ್ತದೆ. ಮೂರನೆಯದು ಗ್ಲುಟಾಥಯೋನ್ ಪೆರಾಕ್ಸಿಡೇಸ್ ಎಂಬ ಉದ್ದ ಹೆಸರಿನದು. ಇದರ ಕೇಂದ್ರದಲ್ಲಿ ಸೆಲೆನಿಯಂ ಇರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಮುಗೇಶ್ ಅವರು ವರ್ಷಗಟ್ಟಲೆ ಇದನ್ನೇ ಹಿಡಿದು ಕೂತವರು. ಅವರ ತಂಡ 2014ರಲ್ಲಿ, ವೆನೇಡಿಯಂ ಪೆಂಟಾಕ್ಸೈಡಿನಿಂದ ಮಾಡಿದ ಕೂದಲೆಳೆಗಿಂತ ಎಷ್ಟೋ ಸಣ್ಣ ತಂತಿಗಳು ಜೀವಕೋಶದೊಳಗೆ ಈ ಕಿಣ್ವದ ಕೆಲಸವನ್ನು ಅನುಕರಿಸುತ್ತವೆಂದು ತೋರಿಸಿತು. ಇನ್ನೂ ಪ್ರಯೋಗಶಾಲೆಯ ಮಾತು, ಔಷಧದಂಗಡಿಯದಲ್ಲ.

ಇವೆಲ್ಲ ಮೈ ತಾನೇ ಮಾಡಿಕೊಳ್ಳುವ ಕಾವಲು. ತಾಟಿನಿಂದ ಬರುವ ಕಾವಲು ಇವುಗಳ ಕೈಕೆಳಗಿನದು. ಪೊರೆಯೊಳಗೆ ಸುಮಾರು ಸಾವಿರ ಕೊಬ್ಬಿನ ಅಣುಗಳಿಗೆ ಒಂದರಂತೆ ಇ ಜೀವಸತ್ವ ಕೂತಿರುತ್ತದೆ. ರವದಿಯ ಬೆಂಕಿ ಬಂದು ತಾಗಿದಾಗ ಅದು ತನ್ನದೊಂದು ಹೈಡ್ರೋಜನ್ ಕೊಟ್ಟು ಬೆಂಕಿಯನ್ನು ಅಲ್ಲಿಗೇ ನಿಲ್ಲಿಸುತ್ತದೆ. ಕೊಟ್ಟ ಮೇಲೆ ತಾನು ಬರಿಗೈ. ಆಗ ಹೊರಗಿನ ನೀರಿನಲ್ಲಿರುವ ಸಿ ಜೀವಸತ್ವ ಅದರ ಕೈ ತುಂಬುತ್ತದೆ. ಸಿ ಜೀವಸತ್ವದ ಕೈಯನ್ನು ಗ್ಲುಟಾಥಯೋನ್ ತುಂಬುತ್ತದೆ. ಹೊಲದಿಂದ ಮನೆತನಕ ಕೈಯಿಂದ ಕೈಗೆ ಬುಟ್ಟಿ ದಾಟಿಸಿದ ಹಾಗೆ. ಸಾಲಿನಲ್ಲಿ ಒಬ್ಬನನ್ನೇ ಹತ್ತು ಮಂದಿಯಷ್ಟು ದಪ್ಪ ಮಾಡಿ ನಿಲ್ಲಿಸಿದರೆ ಬುಟ್ಟಿ ಬೇಗ ದಾಟುವುದಿಲ್ಲ. ಈ ಮಾತು ಸ್ವಲ್ಪ ನೆನಪಿಡಿ, ಮುಂದೆ ಬೇಕಾಗುತ್ತದೆ.

ಸಿ ಜೀವಸತ್ವ ಸಿಕ್ಕ ಕಥೆ ಕಬ್ಬಿನ ಹಾಲಿನ ಅಂಗಡಿಯಿಂದ ಶುರು ಮಾಡಿದರೂ ನಡೆಯುತ್ತದೆ. ಗಾಣದಿಂದ ಇಳಿಯುವ ಕಬ್ಬಿನ ಹಾಲು ತಿಳಿ ಹಸಿರು. ಗ್ಲಾಸಿನಲ್ಲಿ ಒಂದಿಷ್ಟು ಹೊತ್ತು ಬಿಟ್ಟರೆ ಕಂದು, ಆಮೇಲೆ ಕರಿ. ಕಬ್ಬಿನಲ್ಲಿರುವ ಒಂದು ಕಿಣ್ವ ಗಾಳಿಯ ಆಮ್ಲಜನಕವನ್ನು ಹಿಡಿದು ಬಣ್ಣ ಕೆಡಿಸುತ್ತದೆ. ಅಂಗಡಿಯವನು ಕಬ್ಬಿನ ಜೊತೆ ಅರ್ಧ ನಿಂಬೆಹಣ್ಣು ಮಡಚಿ ಗಾಣಕ್ಕೆ ಕೊಡುವುದು ಬರೀ ರುಚಿಗಲ್ಲ. ನಿಂಬೆ ಬಿದ್ದ ಹಾಲು ಹೆಚ್ಚು ಹೊತ್ತು ಹಸಿರಾಗಿರುತ್ತದೆ. ಬದನೆಕಾಯಿ ಹೆಚ್ಚಿದರೆ ಕರ್ರಗಾಗುತ್ತದೆ, ನಿಂಬೆ ಕೊಯ್ದರೆ ಯಾಕೆ ಆಗುವುದಿಲ್ಲ? ಹಂಗೇರಿಯ ಆಲ್ಬರ್ಟ್ ಸೆಂಟ್ ಜ್ಯೋರ್ಜಿ ಹತ್ತಿಕೊಂಡು ಹೋದದ್ದು ಇಂಥದೇ ಪ್ರಶ್ನೆಯ ಬೆನ್ನು. 1928ರ ಹೊತ್ತಿಗೆ ಅವರು ಹೀಗೆ ಬಣ್ಣ ಕೆಡದಂತೆ ತಡೆಯುವ ವಸ್ತುವನ್ನು ಬೇರ್ಪಡಿಸಿದ್ದರೂ ಕೈಗೆ ಸಿಕ್ಕದ್ದು ಚಿಟಿಕೆಯಷ್ಟು. ಮುಂದೆ ಒಂದು ಸಂಜೆ ಹೆಂಡತಿ ಊಟಕ್ಕೆ ಬಡಿಸಿದ ಹಸಿ ಕೆಂಪು ಮೆಣಸಿನಕಾಯಿ ತಿನ್ನಲು ಮನಸ್ಸಾಗದೆ, ಅದನ್ನು ಎತ್ತಿಕೊಂಡು ಪ್ರಯೋಗಶಾಲೆಗೆ ನಡೆದರಂತೆ. ಈ ಕಥೆ ಅವರೇ ಹೇಳಿಕೊಂಡದ್ದು. ಆ ಮೆಣಸಿನಕಾಯಿಯಿಂದ ಸಿ ಜೀವಸತ್ವ ಕಿಲೋಗಟ್ಟಲೆ ಸಿಕ್ಕಿತು, 1937ರಲ್ಲಿ ನೊಬೆಲ್ ಪ್ರಶಸ್ತಿಯೂ ಬಂತು. ಅವರ ಸೆಗೆದ್ ಪಟ್ಟಣ ಮೆಣಸಿನಕಾಯಿಗೆ ಹೆಸರಾದ ಊರು, ನಮಗೆ ಸಂಕೇಶ್ವರ ಇದ್ದಹಾಗೆ. ಒಂದು ಎಚ್ಚರ: ಸಿ ಜೀವಸತ್ವ ಇರುವುದು ಹಸಿಕಾಯಿಯಲ್ಲಿ. ಬಿಸಿಲಲ್ಲಿ ಒಣಗಿಸಿದ ಮೇಲೆ ಅದರ ಬಹುಪಾಲು ಹೋಗಿರುತ್ತದೆ. ನಮ್ಮ ಹಸಿಖಾರಕ್ಕೆ ಆ ಮಟ್ಟಿಗೆ ಒಂದು ಅಂಕ ಹೆಚ್ಚು.

ಆಂಟಿಆಕ್ಸಿಡೆಂಟ್ ಎಂಬ ಶಬ್ದ ಈಗ ಬಿಸ್ಕತ್ತಿನ ಪೊಟ್ಟಣದ ಮೇಲೂ ಇರುತ್ತದೆ. ಆ ಶಬ್ದ ಕಂಡಕೂಡಲೇ ಕೈಮುಗಿಯಬೇಡಿ ಎಂದು ಹೇಳಲು ನನಗೆ ಒಂದು ಒಳ್ಳೆ ಸಾಕ್ಷಿ ಬೆಲ್ಲದ ಗಾಣದಲ್ಲಿದೆ. ಕೊಪ್ಪರಿಗೆ ಕುದಿಯುವಾಗ ಬೆಂಡಿ ಗಿಡದ ಲೋಳೆ ಹಾಕಿ ಮಡ್ಡಿ ತೆಗೆಯುವುದು ಹಿರಿಯರ ಕಾಲದ್ದು. ಅದರ ಮೇಲೆ ಈಗ ಹೈಡ್ರಾಸ್ ಎಂಬ ಬಿಳಿ ಪುಡಿ ಹಾಕುವವರಿದ್ದಾರೆ. ಕಂದು ಬೆಲ್ಲ ನೋಡನೋಡುತ್ತ ಬಂಗಾರದ ಬಣ್ಣಕ್ಕೆ ತಿರುಗುತ್ತದೆ, ಪೆಂಟಿಗೆ ಪೇಟೆಯಲ್ಲಿ ನಾಲ್ಕು ಕಾಸು ಹೆಚ್ಚು. ಹೈಡ್ರಾಸ್ ಮಾಡುವುದು ಏನು? ಆಮ್ಲಜನಕ ಕಚ್ಚಿ ಕಂದಾದ ವಸ್ತುಗಳಿಂದ ಆಮ್ಲಜನಕವನ್ನು ಬಿಡಿಸುವುದು. ಅಂದರೆ ರಸಾಯನಶಾಸ್ತ್ರದ ಲೆಕ್ಕದಲ್ಲಿ ಅದೂ ಒಂದು ಜಬರ್ದಸ್ತ್ ಆಂಟಿಆಕ್ಸಿಡೆಂಟೇ! ಆದರೆ ಅದು ಬಿಟ್ಟುಹೋಗುವ ಗಂಧಕದ ಅಂಶ ಉಬ್ಬಸದವರಿಗೆ ಆಗದು. ಬಂಗಾರದ ಬಣ್ಣವೂ ಉಳಿಯುವುದಿಲ್ಲ. ಇಟ್ಟಲ್ಲೇ ಗಾಳಿ ತಾಗಿ ಬೆಲ್ಲ ಮತ್ತೆ ಕಪ್ಪಾಗುತ್ತದೆ. ಕಂದು ಬೆಲ್ಲವನ್ನು ಕಂದಾಗಿಸುವ ವಸ್ತುಗಳಲ್ಲಿ ಕಬ್ಬಿನದೇ ಫಿನಾಲುಗಳೂ ಸೇರಿವೆ, ಅವು ಒಳ್ಳೆಯ ಆಂಟಿಆಕ್ಸಿಡೆಂಟುಗಳು. ಒಂದು ಆಂಟಿಆಕ್ಸಿಡೆಂಟ್ ಹಾಕಿ ಇನ್ನೊಂದರ ಬಣ್ಣ ತೊಳೆದು ಮಾರುವ ಚಂದ ಇದು.

ಅರಿಷಿಣ ಬಿಟ್ಟರೆ ನಮ್ಮ ಭಾಗದ ರೈತರು ನನ್ನನ್ನು ಬಿಡುವುದಿಲ್ಲ. ಮದುವೆ ಮನೆಯಲ್ಲಿ ಬಿಳಿ ಅಂಗಿಗೆ ಅರಿಷಿಣ ತಾಗಿದರೆ ಅವ್ವಂದಿರು ಏನು ಮಾಡುತ್ತಾರೆ? ಒಗೆದು ಬಿಸಿಲಿಗೆ ಹಾಕುತ್ತಾರೆ. ಸಾಬೂನಿಗೆ ಜಗ್ಗದ ಕಲೆ ಮಧ್ಯಾಹ್ನದ ಬಿಸಿಲಿಗೆ ಮಾಯ. ಕರ್ಕ್ಯುಮಿನ್ ಎಂಬ ಹಳದಿ ವಸ್ತು ಬೆಳಕಿಗೆ, ಆಮ್ಲಜನಕಕ್ಕೆ ತನ್ನನ್ನು ಕೊಟ್ಟುಕೊಂಡು ಮುಗಿದುಹೋಗುತ್ತದೆ. ಆಂಟಿಆಕ್ಸಿಡೆಂಟಿನ ಗುಣವೇ ಅದು. ತಾನು ಸುಟ್ಟು ಪಕ್ಕದ್ದನ್ನು ಉಳಿಸುವುದು. ನಳಿಕೆಯಲ್ಲಿ ಕರ್ಕ್ಯುಮಿನ್ ಗೆಲ್ಲುತ್ತದೆ. ಹೊಟ್ಟೆಗೆ ಹಾಕಿದರೆ? ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ಪ್ರಕಟಿಸಿದ ಪ್ರಯೋಗ ಜಗತ್ತಿನ ತುಂಬ ಓದಿಸಿಕೊಂಡಿದೆ. ಸ್ವಯಂಸೇವಕರಿಗೆ 2 ಗ್ರಾಂ ಶುದ್ಧ ಕರ್ಕ್ಯುಮಿನ್ ಕೊಟ್ಟರೂ ರಕ್ತದಲ್ಲಿ ಅದರ ಸುಳಿವು ಇದ್ದೂ ಇಲ್ಲದಷ್ಟು. ಜೊತೆಗೆ 20 ಮಿಲಿಗ್ರಾಂ ಪೈಪರಿನ್, ಅಂದರೆ ಕರಿಮೆಣಸಿನ ಖಾರದ ಸತ್ವ, ಕೊಟ್ಟಾಗ ರಕ್ತ ಸೇರುವ ಪ್ರಮಾಣ 20 ಪಟ್ಟು ಏರಿತು. ನಮ್ಮ ಮಸಾಲೆಯಲ್ಲಿ ಎರಡೂ ಒಟ್ಟಿಗೇ ಇರುತ್ತವೆ ಎಂದು ಬೀಗುವ ಮೊದಲು ಇನ್ನೊಂದು ಲೆಕ್ಕ: ಸಾಮಾನ್ಯವಾಗಿ ಸಿಗುವ ಅರಿಷಿಣದಲ್ಲಿ ಕರ್ಕ್ಯುಮಿನ್ ನೂರಕ್ಕೆ ಮೂರು-ನಾಲ್ಕು ಪಾಲು. ಆ 2 ಗ್ರಾಂ ಆಗಬೇಕಾದರೆ ಕಡಿಮೆಯೆಂದರೂ 50 ಗ್ರಾಂ ಅರಿಷಿಣ ಮುಕ್ಕಬೇಕು. ಪಲ್ಲೆಗೆ ಚಿಟಿಕೆ ಅರಿಷಿಣ ಹಾಕುವುದು ಚಲೋ, ಅದನ್ನು ಸರ್ವರೋಗದ ಮದ್ದೆಂದು ಮಾರುವುದು ಚಲೋ ಅಲ್ಲ.

ಹೋದ ವರ್ಷ ನನ್ನ ಅಳಿಯ, ಅಂದರೆ ತಂಗಿಯ ಮಗ, ಬೆಂಗಳೂರಿನಿಂದ ಬರುವಾಗ ಒಂದು ಡಬ್ಬಿ ತಂದ. "ಮಾವಾ, ದಿನಾ ಒಂದ್ ತಗೋರಿ, ವಯಸ್ಸೇ ಆಗೂದಿಲ್ಲ" ಎಂದ. ಮೇಲೆ ಬರೆದದ್ದು ಓದಿದೆ: ಬೀಟಾ ಕ್ಯಾರೋಟಿನ್, ಸಿ, ಇ, ಸೆಲೆನಿಯಂ. ನಾನು ಹೇಳಿದ ಕಾವಲುಗಾರರೆಲ್ಲ ಒಂದೇ ಗುಳಿಗೆಯಲ್ಲಿ. ಹುಡುಗನ ಪ್ರೀತಿ ದೊಡ್ಡದು, ಬೈಯಲಾಗಲಿಲ್ಲ. ಫಿನ್ಲೆಂಡಿನ ಕಥೆ ಹೇಳಿದೆ.

ಕ್ಯಾರೆಟ್ಟು, ಪಲ್ಲೆ, ಹಣ್ಣು ಹೆಚ್ಚು ತಿನ್ನುವವರಲ್ಲಿ ಕ್ಯಾನ್ಸರ್ ಕಡಿಮೆ ಎಂದು ಮೊದಲಿನಿಂದ ಕಂಡಿತ್ತು. ಹಾಗಾದರೆ ಅದರೊಳಗಿನ ಬೀಟಾ ಕ್ಯಾರೋಟಿನ್ನನ್ನೇ ಗುಳಿಗೆ ಮಾಡಿ ಕೊಡೋಣ ಎಂದು ಫಿನ್ಲೆಂಡಿನಲ್ಲಿ 29,133 ಮಂದಿ ಗಂಡಸರನ್ನು ಆರಿಸಿದರು. ಎಲ್ಲರೂ ಸಿಗರೇಟಿನ ಚಟದವರು, 50ರಿಂದ 69 ವರ್ಷದವರು. ಸೇದುವವನ ಪುಪ್ಪುಸಕ್ಕೆ ಒಂದೊಂದು ದಮ್ಮಿನಲ್ಲೂ ಎಣಿಸಲಾಗದಷ್ಟು ರ‍್ಯಾಡಿಕಲ್‌ಗಳು ಇಳಿಯುತ್ತವೆ. ಆಂಟಿಆಕ್ಸಿಡೆಂಟ್ ಗೆದ್ದರೆ ಅಲ್ಲೇ ಗೆಲ್ಲಬೇಕು. ಐದರಿಂದ ಎಂಟು ವರ್ಷ ಗುಳಿಗೆ ನುಂಗಿಸಿ, 1994ರಲ್ಲಿ ಫಲಿತಾಂಶ ಹೊರಬಿತ್ತು. ಬೀಟಾ ಕ್ಯಾರೋಟಿನ್ ತಿಂದವರಲ್ಲಿ ಪುಪ್ಪುಸದ ಕ್ಯಾನ್ಸರ್ ಶೇ. 18 ಹೆಚ್ಚಾಗಿತ್ತು. ಇದು ಆಕಸ್ಮಿಕವಿರಬೇಕೆಂದು ಅಂದುಕೊಳ್ಳುವಷ್ಟರಲ್ಲಿ ಅಮೆರಿಕದ ಇನ್ನೊಂದು ಪ್ರಯೋಗವನ್ನು 1996ರಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು. ಅಲ್ಲಿ ಏರಿಕೆ ಶೇ. 28. ಇ ಜೀವಸತ್ವದ್ದೂ ಇದೇ ಪಾಡು. 35,000ಕ್ಕೂ ಹೆಚ್ಚು ಗಂಡಸರ ಮೇಲೆ ಮಾಡಿದ ಪರೀಕ್ಷೆಯಲ್ಲಿ, ಅದನ್ನು ತಿಂದವರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಶೇ. 17 ಹೆಚ್ಚು ಬಂದಿತ್ತೆಂದು 2011ರಲ್ಲಿ ತಿಳಿಯಿತು. ಸಾಲಿನಲ್ಲಿ ಒಬ್ಬನನ್ನೇ ದಪ್ಪ ಮಾಡಿ ನಿಲ್ಲಿಸಬೇಡಿ ಎಂದೆನಲ್ಲ, ಅದಕ್ಕೆ. ಕೈ ತುಂಬುವ ಪಕ್ಕದವನಿಲ್ಲದೆ ಹೋದರೆ ಆಂಟಿಆಕ್ಸಿಡೆಂಟೇ ರ‍್ಯಾಡಿಕಲ್ ಆಗಿ ನಿಲ್ಲಬಲ್ಲದು.

ಇನ್ನೊಂದು ಕಾರಣವನ್ನು ಗರಡಿಮನೆಯಲ್ಲಿ ನೋಡಬೇಕು. ಹಣಮಂತದೇವರ ಊರು ನಮ್ಮದು. ಎಲ್ಲಿ ಹಣಮಪ್ಪನೋ ಅಲ್ಲಿ ಕುಸ್ತಿ. ಹೊಸ ಹುಡುಗನನ್ನು ವಸ್ತಾದ ದಿನಾ ಕೆಡವುತ್ತಾನೆ. ಕೆಡವಿಸಿಕೊಂಡೇ ಅವನು ಗಟ್ಟಿಯಾಗುವುದು. ಜೀವಕೋಶವೂ ಹಾಗೆಯೇ. ಬಸ್ಕಿ ಹೊಡೆದಾಗ ಹುಟ್ಟುವ ರ‍್ಯಾಡಿಕಲ್‌ಗಳು ಸಣ್ಣ ಪೆಟ್ಟು ಕೊಡುತ್ತವೆ, ಆ ಪೆಟ್ಟು ಬಿದ್ದಾಗಲೇ ಮೈ ತನ್ನ ಕಾವಲಿನ ಕಿಣ್ವಗಳನ್ನು ಹೆಚ್ಚು ಮಾಡಿಕೊಳ್ಳುವುದು. 2009ರಲ್ಲಿ ಜರ್ಮನಿಯಲ್ಲಿ ಒಂದಿಷ್ಟು ತರುಣರಿಗೆ ನಾಲ್ಕು ವಾರ ಕಸರತ್ತು ಮಾಡಿಸಿ, ಅರ್ಧ ಮಂದಿಗೆ ಸಿ ಮತ್ತು ಇ ಗುಳಿಗೆಯನ್ನೂ ಕೊಟ್ಟರು. ಕಸರತ್ತಿನಿಂದ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡಬೇಕಲ್ಲ, ಗುಳಿಗೆ ತಿನ್ನದವರಲ್ಲಿ ಹಾಗೆ ಆಯಿತು, ತಿಂದವರಲ್ಲಿ ಆಗಲಿಲ್ಲ. ವಸ್ತಾದನನ್ನೇ ಗರಡಿಯಿಂದ ಹೊರಗೆ ಹಾಕಿ ಕದ ಮುಚ್ಚಿದಂತಾಯಿತು. ನಮ್ಮ ಬಿಳಿ ರಕ್ತಕಣಗಳು ರೋಗಾಣುವನ್ನು ಕೊಲ್ಲುವುದೂ ಇದೇ ಸೂಪರಾಕ್ಸೈಡನ್ನು ಬೇಕೆಂದೇ ಮಾಡಿ ಉಗುಳಿ. ಎಲ್ಲವನ್ನೂ ಅಳಿಸಿಬಿಟ್ಟರೆ ನಾಳೆ ಕುರುವಿಗೆ ಯಾರು ಬರಬೇಕು?

ಕೊರತೆ ನೋಡಿ ವೈದ್ಯರು ಬರೆದುಕೊಟ್ಟ ಜೀವಸತ್ವದ ಮಾತು ಬೇರೆ. ಅದನ್ನು ಬಿಡಬೇಡಿ. ಅಳಿಯ ತಂದ ಡಬ್ಬಿ ನಮ್ಮ ಕಪಾಟಿನಲ್ಲಿ ಹಾಗೇ ಕೂತಿದೆ.

ಈಗ ನಗುವ ವಿಷಯವಲ್ಲದ್ದು ಒಂದು. ನಮ್ಮ ಕಡೆ ಹೊಲಕ್ಕೆ ಹೊಡೆಯುವ ಔಷಧಕ್ಕೂ ಎಣ್ಣಿ ಎಂದೇ ಹೆಸರು. ಕಬ್ಬಿನಲ್ಲಿ, ಗೋವಿನಜೋಳದಲ್ಲಿ ಕಳೆಗೆ ಹೊಡೆಯುವ ಕಸದ ಎಣ್ಣಿಗಳಲ್ಲಿ ಪ್ಯಾರಾಕ್ವಾಟ್ ಎಂಬುದೊಂದಿದೆ. ಬೆಳಿಗ್ಗೆ ಹೊಡೆದರೆ ಸಂಜೆಯೊಳಗೆ ಕಸ ಸುಟ್ಟ ಹಾಗೆ ಬಾಡುತ್ತದೆ. ಬಿಸಿಲು ಜೋರಿದ್ದಷ್ಟೂ ಬೇಗ. ಯಾಕೆಂದರೆ ಅದು ಎಲೆಯಲ್ಲಿ ಬೆಳಕಿನ ಬಲದಿಂದ ಹರಿಯುವ ಎಲೆಕ್ಟ್ರಾನನ್ನು ಕದ್ದು ಆಮ್ಲಜನಕದ ಕೈಗಿಡುತ್ತದೆ, ಬರಿಗೈಯಾಗಿ ಮತ್ತೆ ಕದಿಯಲು ಬರುತ್ತದೆ. ತಾನು ಸವೆಯುವುದಿಲ್ಲ. ಇಷ್ಟು ಹೊತ್ತು ಹೇಳಿದ ಕಾಲುವೆಯ ಸೋರಿಕೆ ನೆನಪಿದೆಯಲ್ಲ? ಇದು ಕಾಲುವೆಯ ದಂಡೆಯನ್ನೇ ಒಡೆದ ಹಾಗೆ. ಮನುಷ್ಯನ ಮೈ ಸೇರಿದರೆ ಪುಪ್ಪುಸದ ಜೀವಕೋಶಗಳು ಅದನ್ನು ತಾವೇ ಎಳೆದುಕೊಳ್ಳುತ್ತವೆ, ಎಲೆಯಲ್ಲಿ ಆದದ್ದೇ ಅಲ್ಲೂ ಆಗುತ್ತದೆ. ಉಸಿರು ಕಟ್ಟುತ್ತಿರುವವನಿಗೆ ಮೊದಲು ಕೊಡುವುದು ಆಮ್ಲಜನಕ. ಈ ಒಂದು ವಿಷದಲ್ಲಿ ಅದನ್ನು ಕೊಡಲು ವೈದ್ಯರು ಹಿಂದೆ ಮುಂದೆ ನೋಡುತ್ತಾರೆ. ಕೊಟ್ಟಷ್ಟೂ ಉರಿ ಹೆಚ್ಚುತ್ತದೆ. ಉತ್ಕರ್ಷಣ ಒತ್ತಡ ಎಂದರೆ ಏನೆಂದು ಇದಕ್ಕಿಂತ ಕಟುವಾಗಿ ತೋರಿಸುವ ಉದಾಹರಣೆ ನನಗೆ ಗೊತ್ತಿಲ್ಲ. ಇದಕ್ಕೆ ಮಾರುಮದ್ದಿಲ್ಲ. ಸಿ ಜೀವಸತ್ವದಂಥ ಆಂಟಿಆಕ್ಸಿಡೆಂಟುಗಳನ್ನು ಕೊಟ್ಟು ನೋಡಿದ್ದಾರೆ. ನೆಚ್ಚಿಕೊಳ್ಳಬಹುದಾದ ಫಲ ಸಿಕ್ಕಿಲ್ಲ. ಯುರೋಪಿನ ಒಕ್ಕೂಟದಲ್ಲಿ 2007ರಿಂದ, ಕೇರಳದಲ್ಲಿ 2011ರಿಂದ ಇದಕ್ಕೆ ನಿಷೇಧವಿದೆ.

ಆದ್ದರಿಂದ ರೈತ ಬಾಂಧವರೆ, ಕಸದ ಎಣ್ಣಿಯನ್ನು ಕುಡಿಯುವ ನೀರಿನ ಅಥವಾ ತಂಪು ಪಾನೀಯದ ಖಾಲಿ ಬಾಟಲಿಗೆ ಎಂದೂ ಸುರುವಬೇಡಿ. ಪಕ್ಕದ ಹೊಲದವನು ಸ್ವಲ್ಪ ಕೊಡು ಎಂದು ಬಾಟಲಿ ಹಿಡಿದು ಬಂದರೂ ಬೇಡ. ಮೂಲ ಡಬ್ಬಿಯಲ್ಲೇ ಇಟ್ಟು, ಮಕ್ಕಳ ಕೈಗೆ ಸಿಗದ ಕಡೆ ಬೀಗ ಹಾಕಿ. ಕೈಗವಸು, ಮುಖಗವಸು ಇಲ್ಲದೆ ಹೊಡೆಯಬೇಡಿ. ಕೈತಪ್ಪಿ ಯಾರದಾದರೂ ಬಾಯಿಗೆ ಹೋದರೆ, ಈಗ ಆರಾಮ ಇದ್ದಾನಲ್ಲ ಎಂದು ಕಾಯಬೇಡಿ. ಮೊದಲ ದಿನ ಆರಾಮ ಕಾಣುವುದೇ ಇದರ ಮೋಸ. ಡಬ್ಬಿ ಸಮೇತ ಆ ಕ್ಷಣ ಆಸ್ಪತ್ರೆಗೆ ಹೋಗಿ. ಇದಿಲ್ಲದೆ ಕಳೆ ತೆಗೆಯುವ ದಾರಿ ಕೇಳಬೇಕೆಂದರೆ ನಮಗೆ ಹತ್ತಿರದಲ್ಲೇ ಅರಭಾವಿಯಲ್ಲಿ ತೋಟಗಾರಿಕೆ ಕಾಲೇಜಿದೆ.

ಇನ್ನು ಅಡುಗೆಮನೆ. ಗುಡಿಯ ಹತ್ತಿರ ಮಿರ್ಚಿ ಭಜಿ ತಿನ್ನುವಾಗ ಭಜಿಗಿಂತ ಮೊದಲು ಕಡಾಯಿ ನೋಡಿ. ಎಣ್ಣೆ ಡಾಂಬರಿನಂತೆ ಕಪ್ಪಾಗಿ, ದಪ್ಪ ನೊರೆ ಕಟ್ಟಿದ್ದರೆ ಅಲ್ಲಿ ಬಾಗಿಲಿನ ಕೆಲಸ ಅರ್ಧ ಮುಗಿದಿದೆ ಎಂದು ತಿಳಿಯಿರಿ. ಹೀಗೆ ಕೆಟ್ಟ ಎಣ್ಣೆಯಲ್ಲಿ ಹುಟ್ಟುವ ವಸ್ತುಗಳು ಶೇ. 25 ದಾಟಿದರೆ ಆ ಎಣ್ಣೆ ಬಳಸಬಾರದೆಂದು 1 ಜುಲೈ 2018ರಿಂದ ನಿಯಮವೇ ಇದೆ. ಗೋಕಾಕದ ಕರದಂಟು ಹಳೆಯದಾದರೆ ಮೊದಲು ಕೆಡುವುದು ಬೆಲ್ಲವಲ್ಲ, ಗೋಡಂಬಿ, ಬಾದಾಮಿಯೊಳಗಿನ ಎಣ್ಣೆ; ಕಮಟು ವಾಸನೆ ಬಂದರೆ ದುಡ್ಡು ಕೊಟ್ಟು ತಂದದ್ದೆಂದು ತಿನ್ನಬೇಡಿ. ಎಳ್ಳೆಣ್ಣೆ ಅಷ್ಟು ಬೇಗ ಕಮಟುವುದಿಲ್ಲ, ಅದರೊಳಗೆ ಸೆಸಮಾಲ್ ಎಂಬ ಅದರದೇ ಕಾವಲುಗಾರನಿದ್ದಾನೆ. ಊಟದ ಜೊತೆ ಒಂದು ಹಸಿ ಉಳ್ಳಾಗಡ್ಡಿ, ಮೆಂತೆ ಪಲ್ಲೆ, ಹಕ್ಕರಕಿ, ಬೇಸಿಗೆ ಕಳೆದ ಮೇಲೆ ಪೇರಲ, ಚಳಿಗಾಲಕ್ಕೆ ನೆಲ್ಲಿಕಾಯಿ. ಪೇರಲಹಣ್ಣಿನಲ್ಲಿ ಕಿತ್ತಳೆಗಿಂತ ಹೆಚ್ಚು ಸಿ ಜೀವಸತ್ವವಿದೆ, ಬೆಲೆ ಕಡಿಮೆ. ಬೀಡಿ, ಗುಟ್ಕಾ ಬಿಡದೆ ಇದನ್ನೆಲ್ಲ ತಿಂದರೆ ತೂತು ಬಿದ್ದ ಕೊಡಕ್ಕೆ ನೀರು ಹೊಯ್ದಂತೆ.

ಕಡೆಗೆ ನಮ್ಮ ಅಗಸಿ. ಆಮ್ಲಜನಕ ಬೇಗ ಕಚ್ಚುತ್ತದೆಂದು ಅದನ್ನು ದೂರ ಮಾಡಬೇಡಿ. ಆ ಕೊಬ್ಬು ನಮ್ಮ ಪೊರೆಗೆ ಬೇಕು. ಇಡಿ ಕಾಳಾಗಿದ್ದರೆ ಸಿಪ್ಪೆ ಕಾಯುತ್ತದೆ, ಬಹುಕಾಲ ಕೆಡುವುದಿಲ್ಲ. ಕುಟ್ಟಿದ ಕ್ಷಣದಿಂದ ಗಾಳಿ ಕುಡಿಯತೊಡಗುತ್ತದೆ. ಊರಿನ ಹಬ್ಬಕ್ಕೆಂದು ಡಬ್ಬಿಗಟ್ಟಲೆ ಚಟ್ನಿ ಮಾಡಿ ಬೆಂಗಳೂರು ಪುಣೆಗೆ ಕಳಿಸುವ ತಾಯಂದಿರೇ, ಅಗಸಿ ಚಟ್ನಿಯನ್ನು, ಗುರೆಳ್ಳು ಹಿಂಡಿಯನ್ನು ಎಂಟು-ಹತ್ತು ದಿನಕ್ಕೆ ಸಾಲುವಷ್ಟೇ ಕುಟ್ಟಿರಿ. ಮಕ್ಕಳಿಗೆ ಕಾಳನ್ನೇ ಕಟ್ಟಿ ಕಳಿಸಿರಿ. ಹುರಿದು ಕುಟ್ಟಿಕೊಳ್ಳಲು ಅವರಿಗೂ ಕೈಗಳಿವೆ.